ಜೋನಿಬೆಲ್ಲ ತಿಂದ ಮೋಟಾರ್‌ಸೈಕಲ್ಲು

ಮನುಷ್ಯನ ಸ್ವಭಾವವೆಲ್ಲ ಅವನ ಕೈಗಳಲ್ಲಿ ಬರೆದಿರುತ್ತದೆ ಎಂಬುದು ಗಂಭೀರವಾಗಿ ಆಲೋಚಿಸಬೇಕಾದ ವಿಷಯ. ಕಾನಸೂರಿನ ನಮ್ಮ ನೆರೆಮನೆಯ ಡ್ರಾಯಿಂಗ್ ಮಾಸ್ತರ ಕೈಗಳಲ್ಲಿ ಮಾತ್ರ ಗ್ರೀಸಿನ ಹೊರತು ಏನನ್ನೂ ಓದಲಾಗುತ್ತಿರಲಿಲ್ಲ. ಉಗುರು ಕಪ್ಪು, ಮೊಣಕೈವರೆಗೆ ತುಕ್ಕಿನ ಕೆಂಪು, ಮೀಸೆಯ ಬಲತುದಿಗೆ ಯಾವಾಗಲೋ ತಾಗಿದ ಬೆಳ್ಳಿ ಪೇಂಟು.

ನಿವೃತ್ತಿಯ ನಂತರ ಮಂಡಿ ಕೈಕೊಟ್ಟಿತು. ಬಸ್ಸಿನ ಮೆಟ್ಟಿಲು ಹತ್ತಲಾಗದು. ಶಿರಸಿಗೆ ಹೋಗಬೇಕೆಂದರೆ ಯಾರದಾದರೂ ಬೈಕಿನ ಹಿಂದೆ ಕೂರಬೇಕು.

"ಸಾಮಾನಿನ ಹಂಗೆ ಹೇರ್ಕ್ಯಂಡು ಹೋಗ್ತ ತಮಾ. ಆನು ಎಂತ ಹಿಂಡಿ ಚೀಲನ?" ಎಂದು ಮಾಸ್ತರು ನನ್ನೆದುರು ಗೊಣಗಿದರು.

ಹೀಗಾಗಿ ಕಟ್ಟಿಗೆ ಕೊಟ್ಟಿಗೆಯಿಂದ ತಮ್ಮ ಹಳೆಯ ಮೋಟಾರ್‌ಸೈಕಲ್ಲನ್ನು ಹೊರಗೆಳೆದರು. ಸೀಟಿನೊಳಗೆ ಬೆಕ್ಕು ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸುವ ಪುಣ್ಯಕಾರ್ಯ ನನ್ನ ಪಾಲಿಗೆ ಬಂತು.

ಮನೆಯಲ್ಲಿ ಇರುವುದಕ್ಕೆ ಅಂಗಡಿಗೆ ಹೋಗಬಾರದು ಎಂಬುದು ಅವರ ಸಿದ್ಧಾಂತ. ಹ್ಯಾಂಡಲ್ ತಿಕ್ಕಲು ಬೂದಿ ಮತ್ತು ತೆಂಗಿನ ನಾರು, ಸೀಟಿಗೆ ಹಳೆ ಹಾಸಿಗೆಯ ಹತ್ತಿ, ತುಕ್ಕಿಗೆ ಪಾಕದಂತೆ ಹರಿಯುವ ಜೋನಿಬೆಲ್ಲ. ನೀರು ಬೆರೆಸಿದ ಬೆಲ್ಲದಲ್ಲಿ ಕಬ್ಬಿಣವನ್ನು ವಾರಗಟ್ಟಲೆ ನೆನೆಹಾಕಿದರೆ ತುಕ್ಕು ಬಿಡುವುದು ನಿಜವೇ. ಆದರೆ ಹುಳಿತ ಹಳೇ ಬೆಲ್ಲದ ಡಬ್ಬಿಯೆಂದು ಮಾಸ್ತರು ಹಂಡೆಗೆ ಸುರಿದದ್ದು ಆ ವರ್ಷ ಆಲೆಮನೆಯಿಂದ ಬಂದ ಹೊಸ ಬೆಲ್ಲ. ರಿಮ್ಮುಗಳೂ ಸೈಲೆನ್ಸರೂ ಅದರಲ್ಲಿ ಸುಖವಾಗಿ ಮುಳುಗಿದವು. ಸೀಮೆಯ ಇರುವೆಗಳೆಲ್ಲ ಯಾತ್ರೆ ಬಂದವು.

"ದೋಸೆಗೆ ಬೆಲ್ಲ ಇಲ್ಲೆ, ಬೈಕಿಗೆ ಇದ್ದು!" ಎಂದರು ಮಾಸ್ತರ ಹೆಂಡತಿ, ನಮಗೆಲ್ಲ ಅಕ್ಕಯ್ಯ. ಅಂದಿನಿಂದ ಆ ಗಾಡಿಯತ್ತ ತಿರುಗಿಯೂ ನೋಡಲಿಲ್ಲ. ಮಾಸ್ತರತ್ತ, ಊಟದ ಹೊತ್ತಿಗೆ ಮಾತ್ರ.

"ತುಕ್ಕು ಪೂರಾ ಹೋತು," ಎಂದು ಮಾಸ್ತರು ನನಗೆ ಪಿಸುಗುಟ್ಟಿದರು.

ಗೇಟಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಬಳಿದುಕೊಂಡು ಗಾಡಿ ಕೊನೆಗೆ ಅಂಗಳಕ್ಕೆ ಬಂತು. ಅದಕ್ಕೆ ಕಿಕ್ ಹೊಡೆಯದೆ ಗತಿಯಿಲ್ಲ ಎಂಬ ಮಾತನ್ನು ಅಷ್ಟು ದಿನ ಯಾರೂ ಎತ್ತಿರಲಿಲ್ಲ. ಮಾಸ್ತರು ಒದ್ದರು. ಮಂಡಿ ಕಟಕ್ಕೆಂದಿತು, ಗಾಡಿ ಸುಮ್ಮನಿತ್ತು. ಮತ್ತೆ ಒದೆಯಲು ಕಾಲೇ ಏಳಲಿಲ್ಲ. ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ನಾನು ಮುಂದೆ ಹೋದೆ.

"ಬೇಡ ತಮಾ. ನೀ ದಿನಾ ಬತ್ಯ?"

ಅಕ್ಕಯ್ಯ ಒಳಗಿಂದ ಬಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು.

"ಗಟ್ಟಿ ಹಿಡ್ಕಳಿ. ಇಷ್ಟು ಬೆಲ್ಲ ತಿಂದಿದ್ದು, ಹೊರಡದೇ ಇಪ್ಪಲೆ ಎಂತ ಧಾಡಿ?"

ಒಂದೇ ಒದೆತ. ಸೈಲೆನ್ಸರು ಮೊದಲು ಕೆಮ್ಮಿತು. ಆಮೇಲೆ ಬೆಲ್ಲ ಸೀದ ವಾಸನೆ ಕೇರಿ ತುಂಬಿತು.

"ಹತ್ತು," ಎಂದರು ಮಾಸ್ತರು ಅಕ್ಕಯ್ಯನಿಗೆ.

"ಎಲ್ಲಿಗೆ?"

"ಎಲ್ಲಿಗಾದ್ರೂ. ದಾರಿಲಿ ನಿಂತ್ರೆ ಒದಿಯದು ಯಾರು?"

ಅಲ್ಲಿಂದ ಮುಂದೆ ಶಿರಸಿಯ ಔಷಧದ ಅಂಗಡಿ, ಸಿದ್ದಾಪುರದ ಬ್ಯಾಂಕು, ಭೈರುಂಬೆಯ ಮದುವೆಮನೆ, ಎಲ್ಲಿಗೂ ಇಬ್ಬರೇ. ಇನ್ನು ತಾನು ಯಾರ ಹಂಗಿನಲ್ಲೂ ಇಲ್ಲ ಎಂದು ಮಾಸ್ತರು ಊರಿಗೆಲ್ಲ ಸಾರಿದರು. ಹಾಗೆ ಸಾರಿದವರು, ಅಕ್ಕಯ್ಯ ತಲೆ ಬಾಚಿ ಮುಗಿಸುವ ತನಕ ಅಂಗಳದಲ್ಲಿ ಕಾಯುತ್ತಿದ್ದರು.

ಹೋದ ಚಳಿಗಾಲದಲ್ಲಿ ಮಾಸ್ತರು ತೀರಿಕೊಂಡರು. ಗಾಡಿ ಕೇಳಿಕೊಂಡು ಯಲ್ಲಾಪುರದಿಂದ ಬಂದವರಿಗೆ ಅಕ್ಕಯ್ಯ ಚಾ ಕೊಟ್ಟು ಕಳಿಸಿದರು. ವಾರಕ್ಕೊಮ್ಮೆ ಒದ್ದು ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಆರಿಸುತ್ತಾರೆ.