ಮರುಗದ ಕುಂಡಕ್ಕೆ ದಪ್ಪ ಮರಳು

ಎಪ್ಪತ್ತರ ದಶಕದ ಕೊನೆಯಲ್ಲಿ, ಮದುವೆಯಾದ ಹೊಸತರಲ್ಲಿ, ಯಜಮಾನರು, ಅತ್ತೆ, ನಾನು ತುಮಕೂರಿನ ಶಿರಾ ಗೇಟ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೆವು. ಗುಬ್ಬಿಯ ಪ್ರೈಮರಿ ಶಾಲೆಯೊಂದರಲ್ಲಿ ನಾನು ಟೀಚರ್. ಬೆಳಿಗ್ಗೆ ಎಂಟರ ಬಸ್ಸು ಹತ್ತಿದರೆ ವಾಪಸ್ ಮನೆ ಸೇರುವಾಗ ಐದೂವರೆ. ಮನೆಯ ಮುಂದೆ ಅಂಗೈಯಗಲ ಮಣ್ಣೂ ಇರಲಿಲ್ಲ, ಬರೀ ಕಲ್ಲುಚಪ್ಪಡಿ. ಗಿಡ ಬೆಳೆಸಬೇಕೆಂದರೆ ಕುಂಡವೇ ಗತಿ.

ನನಗೆ ಬೇಕಾಗಿದ್ದುದು ಮರುಗ. ಕುಣಿಗಲ್‌ನ ತವರಿನಲ್ಲಿ ಹಿತ್ತಿಲ ಕಲ್ಲುಗೋಡೆಯ ಬುಡದಲ್ಲಿ ಅದು ಪೊದೆಯಾಗಿ ಬೆಳೆದಿತ್ತು. ಕನಕಾಂಬರ ಕಟ್ಟುವಾಗ ಅಮ್ಮ ನಡುನಡುವೆ ಮರುಗದ ಕುಡಿ ಸೇರಿಸುತ್ತಿದ್ದಳು. ಆ ವಾಸನೆ ಜಡೆಯಲ್ಲಿಲ್ಲದೆ ನನಗೆ ಹಬ್ಬವೆನಿಸುತ್ತಿರಲಿಲ್ಲ. ಊರಿಗೆ ಹೋದಾಗಲೆಲ್ಲ ಅಮ್ಮ ಬೇರು ಬಿಟ್ಟ ಒಂದು ಕಡ್ಡಿಯ ಜೊತೆಗೆ ಕೆರೆಯ ಕಪ್ಪು ಗೋಡುಮಣ್ಣನ್ನೂ ಚೀಲಕ್ಕೆ ತುಂಬಿ ಕೊಡುತ್ತಿದ್ದಳು. "ನಮ್ ಕೆರೆ ಮಣ್ಣಲ್ಲಿ ಏನ್ ನೆಟ್ರೂ ಬರುತ್ತೆ ಕಣೇ" ಅನ್ನುತ್ತಿದ್ದಳು.

ಬರಲಿಲ್ಲ. ಮೂರು ಸಲ ನೆಟ್ಟೆ, ಮೂರು ಸಲವೂ ಎಲೆ ಹಳದಿಯಾಗಿ ಉದುರಿತು. ಬಾಡುತ್ತಿದೆಯೆಂದು ಇನ್ನಷ್ಟು ನೀರು ಹಾಕಿದೆ. ಮೂರನೆಯದು ಸತ್ತಾಗ ಅತ್ತೆ ಕುಂಡವನ್ನು ಮೂಲೆಗೆ ಸರಿಸಿದರು, ಅಷ್ಟೇ. ಅದೇ ನನಗೆ ಚುಚ್ಚಿತು. ಆ ವರ್ಷವೇ ನನಗೆ ಮೂರು ತಿಂಗಳಿಗೆ ಬಸಿರು ಇಳಿದುಹೋಗಿತ್ತು. ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂಬ ಮಾತು, ಯಾರೂ ಆಡದಿದ್ದರೂ, ನನ್ನೊಳಗೆ ಕೂತುಬಿಟ್ಟಿತ್ತು.

ಪಕ್ಕದ ಸೈಟಿನಲ್ಲಿ ಆಗ ಮನೆ ಕಟ್ಟುತ್ತಿದ್ದರು. ಗಾರೆ ಕೆಲಸಕ್ಕೆ ಮರಳು ಜರಡಿ ಹಿಡಿಯುವ ಹೆಂಗಸೊಬ್ಬಳಿದ್ದಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಒಂದು ಭಾನುವಾರ ನಾನು ಸತ್ತ ಗಿಡದ ಕುಂಡವನ್ನು ಕಾಂಪೌಂಡಿನಾಚೆ ಸುರಿಯಲು ಹೋದಾಗ ಅವಳು ತಡೆದಳು.

"ಯಾಕವ್ವ ಸುರೀತಿದೀಯ? ಕೊಡಿಲ್ಲಿ, ನೋಡಾನ."

ಅವಳು ಕುಂಡವನ್ನು ಬೋರಲು ಹಾಕಿ ತಟ್ಟಿದಳು. ಮಣ್ಣು ಕುಂಡದ ಆಕಾರದಲ್ಲೇ ಇಡಿಯಾಗಿ ಕಳಚಿ ಬಂತು. ಮೋರಿಯ ವಾಸನೆ. ಬೇರು ಕಂದಾಗಿ ಲೋಳೆಗಟ್ಟಿತ್ತು.

"ಇದು ನೀರಿಲ್ದೆ ಸತ್ತಿಲ್ಲ ಕಣವ್ವ, ಉಸ್ರುಕಟ್ಟಿ ಸತ್ತದೆ. ಗೋಡು ಗದ್ದೆಗೆ ಸರಿ. ಕುಂಡ್ದಾಗೆ ತುಂಬಿದ್ರೆ ನೀರು ಎಲ್ಲಿಗ್ ಹೋದಾತು? ಮರಳು ಬೆರ್ಸು."

ಅಂದೇ ಸಂಜೆ ಮೇಸ್ತ್ರಿಯನ್ನು ಕೇಳಿ ಒಂದು ಬಾಂಡ್ಲಿ ಮರಳು ತಂದೆ. ರಾಶಿಯಲ್ಲಿ ಎಲ್ಲಕ್ಕಿಂತ ನಯವಾಗಿದ್ದುದನ್ನೇ ಆರಿಸಿದ್ದೆ. ಗೋಡಿಗೆ ಬೆರೆಸಿ ನೀರು ಹಾಕಿದೆ. ಎರಡೇ ದಿನಕ್ಕೆ ಅದು ಸಾರಿಸಿದ ನೆಲದ ಹಾಗೆ ಗಟ್ಟಿಯಾಯಿತು. ಮುಂದಿನ ಭಾನುವಾರ ತೋರಿಸಿದರೆ ಅವಳು ಬೆರಳಲ್ಲಿ ಕುಟ್ಟಿ ನೋಡಿ ನಕ್ಕೇ ನಕ್ಕಳು.

"ಅಯ್ಯೋ, ಇದು ಗ್ವಾಡೆಗೆ ಬಳ್ಯೋ ಮರಳು! ನಾನ್ ಹೇಳಿದ್ದು ಅದು."

ಅವಳು ತೋರಿಸಿದ್ದು ಜರಡಿಯಲ್ಲಿ ಇಳಿಯದೆ ಉಳಿದು, ಆಚೆ ಎಸೆದಿದ್ದ ರಾಶಿಯನ್ನು. ಜೋಳದ ಕಾಳಿನಷ್ಟು ದಪ್ಪದ ಮರಳು, ಕಡಲೆ ಗಾತ್ರದ ನೊರಜುಗಲ್ಲು. ಯಾರಿಗೂ ಬೇಡದ್ದು. ಅದನ್ನು ಎರಡು ಸಲ ತೊಳೆದಳು. ಕೆಂಪು ನೀರು ಹೋಗಿ ತಿಳಿನೀರು ಬಂತು. ಕುಂಡದ ತೂತಿನ ಮೇಲೆ ಒಡಕು ಹೆಂಚಿನ ಚೂರಿಟ್ಟಳು. ಒಂದು ಪಾಲು ಗೋಡು, ಒಂದು ಪಾಲು ಹಳೇ ಗೊಬ್ಬರ, ಒಂದು ಪಾಲು ದಪ್ಪ ಮರಳು ಕಲೆಸಿ ತುಂಬಿದಳು. ಒಂದು ಚೊಂಬು ನೀರು ಸುರಿದದ್ದೇ, ಕೆಳಗಿಂದ ಹರಿದು ಅವಳ ಕಾಲ್ಬೆರಳು ನೆನೆಸಿತು.

"ನೋಡ್ದಾ? ಬಂತು, ನೆನೀತು, ಹೋಯ್ತು. ಅಷ್ಟೇಯ."

ನಿನಗೇನು ಕೊಡಲಿ ಎಂದು ಕೇಳಿದೆ. ಕೈಗಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡು ಹೇಳಿದಳು: "ಹಾಜ್ರಿ ಬುಕ್ಕಿಗೆ ಹೆಬ್ಬೆಟ್ಟು ಒತ್ತಿ ಒತ್ತಿ ಬೇಜಾರಾಗದೆ. ನನ್ನೆಸ್ರು ಬರ್ಯೋದು ಹೇಳ್ಕೊಡ್ತೀಯ?"

ಮೂರೇ ಅಕ್ಷರದ ಹೆಸರು. ಸಂಜೆ ಬಸ್ಸಿಳಿದು ಬಂದವಳು ಕಾಫಿ ಕುಡಿದು ಸೈಟಿಗೆ ಹೋಗುತ್ತಿದ್ದೆ. ಅವಳು ನಯ ಮರಳನ್ನು ಕೈಯಿಂದ ಸವರಿ ಸಮ ಮಾಡಿ ಬೆರಳಲ್ಲಿ ತಿದ್ದುತ್ತಿದ್ದಳು. ಎರಡನೇ ಅಕ್ಷರದ ಒತ್ತು ಬಹಳ ಕಾಡಿತು. ಸುಮಾರು ಒಂದು ತಿಂಗಳಾದ ಮೇಲೆ, ಒಂದು ರಜಾ ದಿನ, ಕೆಲಸದ ಮಧ್ಯೆಯೇ ನಮ್ಮ ಗೇಟಿಗೆ ಓಡಿ ಬಂದಳು.

"ಟೀಚರವ್ವಾ, ಬುಕ್ಕಲ್ಲಿ ಬರ್ದೆ ಕಣವ್ವಾ! ಮೇಸ್ತ್ರಿ ಎಲ್ಡು ಸಲ ನೋಡ್ದ!"

ಪೊರಕೆ ಹಿಡಿದು ಹೊರಬಂದ ಅತ್ತೆ ವಿಷಯ ಕೇಳಿ ಒಳಗೆ ಹೋದರು. ಮಡಿ ಮೈಲಿಗೆ ನೋಡುತ್ತಿದ್ದವರು ಅವರು. ಆ ದಿನ ನಾವು ಕುಡಿಯುವ ಲೋಟದಲ್ಲೇ ಅವಳಿಗೆ ಕಾಫಿ ತಂದುಕೊಟ್ಟರು.

ಅಷ್ಟರಲ್ಲಿ, ತವರಿನಿಂದ ತಂದು ಅವಳು ತುಂಬಿಕೊಟ್ಟ ಕುಂಡದಲ್ಲಿ ನೆಟ್ಟಿದ್ದ ನಾಲ್ಕನೇ ಮರುಗ ಅಂಚು ದಾಟಿ ಇಳಿಬಿದ್ದಿತ್ತು. ಮುಂದಿನ ವರ್ಷ ಮಗಳು ಹುಟ್ಟಿದಳು. ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ನನಗೂ ಗೊತ್ತು. ಆದರೆ ತಪ್ಪೆಲ್ಲ ನನ್ನ ಕೈಯದಲ್ಲ, ಮಣ್ಣಿನದೂ ಇರಬಹುದು ಎಂದು ಆ ದಿನಗಳಲ್ಲಿ ನನಗೆ ತೋರಿಸಿಕೊಟ್ಟವಳು ಮರಳು ಜರಡಿ ಹಿಡಿಯುವ ಆ ಹೆಂಗಸೊಬ್ಬಳೇ. ಆ ಉಪಕಾರ ದೊಡ್ಡದು.

ಪಕ್ಕದ ಮನೆಯ ಗೃಹಪ್ರವೇಶಕ್ಕೆ ಮೊದಲೇ ಅವಳ ತಂಡ ಬೇರೆ ಕೆಲಸಕ್ಕೆ ಹೊರಟಿತು. ನಾನು ಶಾಲೆಯಲ್ಲಿದ್ದೆ. ಸಂಜೆ ಬಂದು ನೋಡಿದರೆ ಗೇಟಿನ ಪಕ್ಕ ಗೋಣಿಚೀಲವೊಂದು ನಿಂತಿತ್ತು. ಅದರ ತುಂಬ ದಪ್ಪ ಮರಳು, ತೊಳೆದು ಒಣಗಿಸಿದ್ದು. "ನಿನಗಂತ ಇಟ್ಟು ಹೋದ್ಲು" ಎಂದರು ಅತ್ತೆ.

ಎಂಬತ್ತರ ದಶಕದ ನಡುವಿನಲ್ಲಿ ನಾವು ಮನೆ ಬದಲಿಸಿದಾಗ ಆ ಚೀಲದಲ್ಲಿ ಇನ್ನೂ ಅರ್ಧವಿತ್ತು. ಲಾರಿಗೆ ಸಾಮಾನು ಏರಿಸುತ್ತಿದ್ದ ಯಜಮಾನರು ಅದನ್ನು ಎತ್ತಿ ನೋಡಿ, "ಕಲ್ಲನ್ನೂ ತಗೊಂಡ್ ಹೋಗ್ಬೇಕೇನೇ?" ಎಂದು ಕೇಳಿದರು.

"ಮೊದ್ಲು ಅದನ್ನೇ ಇಡಿ" ಎಂದೆ.