ಒಂದು ಮನೆ, ಎರಡು ಟ್ರಕ್ ಹಲಗೆ

ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಎರಡು ಟ್ರಕ್‌ಗಳು ಬಂದು ನಿಂತವು. ಎರಡರಲ್ಲೂ ನಮ್ಮ ಮನೆಯ ಗೋಡೆ ಇತ್ತು.

ಒಂದರಲ್ಲಿ ಮರದ ಗೋಡೆ. ಇನ್ನೊಂದರಲ್ಲಿ ಸಿಮೆಂಟಿನ ಗೋಡೆ. ಮನೆ ಮಾತ್ರ ಒಂದೇ.

ನಾನು ದೀಪ ಹಚ್ಚಿ, ಕಾಫಿ ಮುಗಿಸಿ, ಮನೆಯ ಸುತ್ತ ಒಂದು ಸುತ್ತು ಹಾಕಲು ಹೊರಟಿದ್ದೆ. (ಇದು ನನ್ನ ದಿನಾ ಬೆಳಗಿನ ಕ್ರಮ. ಮೈಸೂರಿನ ನರ್ಸಿಂಗ್ ಹಾಸ್ಟೆಲ್‌ನಲ್ಲಿ ಮೇಟ್ರನ್ ಗಂಟೆ ಬಾರಿಸಿ ಕಲಿಸಿದ್ದು. ಟೆಕ್ಸಸ್‌ಗೆ ಬಂದು, ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿದು, ನಿವೃತ್ತಳಾದರೂ ಬಿಟ್ಟಿಲ್ಲ.) ಡ್ರೈವ್‌ವೇಯಲ್ಲಿ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ನಿಂತಿದ್ದರು. ನನ್ನನ್ನು ಕಂಡದ್ದೇ ಇಬ್ಬರೂ ಒಟ್ಟಿಗೆ ಹೇಳಿದರು:

"ಗುಡ್ ಮಾರ್ನಿಂಗ್, ಮ್ಯಾಮ್. ಸೈಡಿಂಗ್ ಹಾಕೋಕೆ ಬಂದಿದೀವಿ." (ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಸಾರಾಂಶ ಇದೇ.)

ನಾನು ತಿರುಗಿ ನೋಡಿದೆ. ನಮ್ಮ ಯಜಮಾನರು ಬಾಗಿಲಲ್ಲಿದ್ದರು. ಮರುಕ್ಷಣ ಇರಲಿಲ್ಲ.

ಮೊದಲಿನಿಂದ ಹೇಳುತ್ತೇನೆ.

ಇಲ್ಲಿನ ಮನೆಗಳಿಗೆ ಒಳಗೆ ಮರದ ಅಸ್ಥಿಪಂಜರ, ಹೊರಗೆ ಚರ್ಮ. ಆ ಚರ್ಮಕ್ಕೆ ಸೈಡಿಂಗ್ ಎನ್ನುತ್ತಾರೆ. ಉದ್ದನೆಯ ಹಲಗೆಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಸಾಲಾಗಿ ಹೊಡೆದಿರುತ್ತಾರೆ. ಡಾಲಸ್ ಪಕ್ಕದ ಯೂಲೆಸ್‌ನ ನಮ್ಮ ಮನೆಗೆ ಎದುರಿನಲ್ಲಿ ಮಾತ್ರ ಇಟ್ಟಿಗೆ, ಉಳಿದ ಮೂರು ಕಡೆ ಹಲಗೆ. (ಮುಖಕ್ಕೆ ಪೌಡರ್ ಹಚ್ಚಿ ಕತ್ತು ಮರೆತವರ ಹಾಗೆ.) ಈ ವಸಂತದಲ್ಲಿ ಒಂದು ದಿನ ಪಶ್ಚಿಮದ ಗೋಡೆಯ ಕೆಳಸಾಲನ್ನು ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಕಾಫಿಯಲ್ಲಿ ಅದ್ದಿದ ರಸ್ಕ್!

ನೋಡಲು ಬಂದ ಮೊದಲ ಕಂಟ್ರಾಕ್ಟರು ಕೊಳೆತ ಹಲಗೆಗಳನ್ನು ಕಿತ್ತು, ಮೇಲೆ ಒಂದು ಬಿಳಿಯ ಹಾಳೆ ಹೊಡೆದ. ಮೂರೂ ಕಡೆ ಹೊಸದಾಗಿ ಹಾಕಿಸುವುದೇ ಸರಿ ಎಂದ. "ಈ ಹಾಳೆ ಸ್ವಲ್ಪ ದಿನಕ್ಕೆ ಮಾತ್ರ. ಬೇಗ ತೀರ್ಮಾನ ಮಾಡಿ," ಎಂದು ಹೇಳಿ ಹೋದ.

ಬೇಗ! ಪಾಪ, ಅವನಿಗೆ ನಮ್ಮ ಮನೆಯವರ ಪರಿಚಯ ಇರಲಿಲ್ಲ.

ಗಾಯ ಬಿಚ್ಚಿದ ಮೇಲೆ ಕಟ್ಟಬೇಕು. ನರ್ಸಿಂಗ್‌ನಲ್ಲಿ ಇದು ಮೊದಲ ವಾರದ ಪಾಠ. ನಮ್ಮ ಗೋಡೆ ಗಾಯ ಬಿಚ್ಚಿಕೊಂಡು ನಿಂತಿತು. ಮನೆಯವರು ಚರ್ಚೆಗೆ ಕೂತರು.

ಆಯ್ಕೆ ಎರಡೇ. ಎಂಜಿನಿಯರ್ಡ್ ವುಡ್ ಎಂದರೆ ಮರದ ಚೂರುಗಳಿಗೆ ಅಂಟು, ಮೇಣ ಸೇರಿಸಿ ಒತ್ತಿ ಮಾಡಿದ ಹಲಗೆ. ಹಗುರ. ಆಲಿಕಲ್ಲಿನ ಪೆಟ್ಟಿಗೆ ಸುಲಭವಾಗಿ ಸೀಳುವುದಿಲ್ಲ. ಆದರೆ ಕತ್ತರಿಸಿದ ಅಂಚಿಗೆ ಸರಿಯಾಗಿ ಬಣ್ಣ ಬಳಿಯದಿದ್ದರೆ ನೀರು ಕುಡಿದು ಊದಿಕೊಳ್ಳುತ್ತದೆ. ಫೈಬರ್ ಸಿಮೆಂಟ್ ಎಂದರೆ ಸಿಮೆಂಟು, ಮರಳು, ನಾರು ಸೇರಿಸಿ ಮಾಡಿದ್ದು. ಕೊಳೆಯುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಆದರೆ ಭಾರ. ಎತ್ತುವಾಗ ಎಚ್ಚರ ತಪ್ಪಿದರೆ ಮುರಿಯುತ್ತದೆ, ಹಾಕುವ ಕೂಲಿಯೂ ಹೆಚ್ಚು.

ಇಷ್ಟೇ. ಒಂದು ಸಂಜೆಯಲ್ಲಿ ಮುಗಿಯುವ ಮಾತು. ಮುಗಿಯಿತೇ?

ಭಾನುವಾರದ ವಿಡಿಯೊ ಕಾಲ್‌ಗೆ ಮಕ್ಕಳಿಬ್ಬರೂ ಬಂದರು. ಮಗ ಅನೂಪ್ ಹ್ಯೂಸ್ಟನ್‌ನಲ್ಲಿ, ಮಗಳು ಸ್ಮಿತಾ ಆಸ್ಟಿನ್‌ನಲ್ಲಿ. ಇಬ್ಬರೂ ಇಲ್ಲೇ ಹುಟ್ಟಿದವರು. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವರು ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾರೆ.

"ಅಮ್ಮ, ಫೈಬರ್ ಸಿಮೆಂಟ್. ನೋ ಡಿಬೇಟ್. ಹ್ಯುಮಿಡಿಟಿ ವಿಲ್ ಕಿಲ್ ವುಡ್," ಎಂದ ಮಗ.

"ಅನೂಪ್, ಯು ಲಿವ್ ಇನ್ ಎ ಸೂಪ್ ಬೌಲ್!" ಎಂದಳು ಮಗಳು. "ಡಾಲಸ್ ಹ್ಯಾಸ್ ಹೇಲ್. ಎಂಜಿನಿಯರ್ಡ್ ವುಡ್, ಅಮ್ಮ. ನಮ್ಮನೇದು ನೋಡಿದ್ರಲ್ಲಾ, ಸೋ ವಾರ್ಮ್!"

"ಗೋಡೆ ವಾರ್ಮ್ ಆಗಿರೋದು ಬೇಡಮ್ಮ. ಇಲ್ಲಿ ಜುಲೈ ಸೆಕೆ ಬರತ್ತೆ," ಎಂದೆ.

ಯಾರೂ ಕೇಳಿಸಿಕೊಳ್ಳಲಿಲ್ಲ. ಆ ಭಾನುವಾರ ತೀರ್ಮಾನವಾಗಲಿಲ್ಲ. ಮುಂದಿನ ಭಾನುವಾರವೂ ಆಗಲಿಲ್ಲ. ಅಷ್ಟರಲ್ಲಿ ಯಜಮಾನರು ಪಕ್ಕದೂರು ಕಾಪೆಲ್‌ನ ಭಜನೆಯಲ್ಲಿ ವಿಷಯ ಎತ್ತಿಬಿಟ್ಟರು. ಮಂಗಳಾರತಿ ಆಗುವಷ್ಟರಲ್ಲಿ ಸಭೆ ಎರಡು ಪಕ್ಷವಾಗಿತ್ತು. ಲಾಸ್ ಕೊಲಿನಾಸ್‌ನಲ್ಲಿ ಕನ್ಸಲ್ಟಿಂಗ್ ಮಾಡುವ ಒಬ್ಬ ಹುಡುಗ ಪ್ರಸಾದದ ತಟ್ಟೆ ಹಿಡಿದುಕೊಂಡೇ ಬಂದ.

"ಆಂಟಿ, ಟೆನ್ಷನ್ ಬೇಡ. ಒಂದು ಸ್ಪ್ರೆಡ್‌ಶೀಟ್ ಕಳಿಸ್ತೀನಿ. ವೆಯ್ಟೇಜ್ ಹಾಕಿ, ಸ್ಕೋರ್ ತಾನೇ ಬರತ್ತೆ."

"ನಿಮ್ಮ ಮನೆಗೆ ಏನು ಹಾಕಿಸಿದೀಯಪ್ಪ?"

"ನಾವಿನ್ನೂ ಅಪಾರ್ಟ್‌ಮೆಂಟಲ್ಲೇ ಇದೀವಿ, ಆಂಟಿ."

ಹೀಗೆ ತಿಂಗಳು ಕಳೆಯಿತು. ಗಾಳಿ ಬಂದಾಗಲೆಲ್ಲ ಬಿಳಿಯ ಹಾಳೆ ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ಮೂಲೆ ಆಗಲೇ ಕಿತ್ತು ಬಂದಿತ್ತು. ಒಂದು ಜೋರು ಮಳೆ ಸಾಕು, ನೀರು ಒಳಗಿನ ಮರಕ್ಕೇ ಇಳಿಯುತ್ತದೆ. ನಾನು ಟೇಪು ಅಂಟಿಸಿದೆ. ಮತ್ತೆ ಕಿತ್ತಿತು. ಮತ್ತೆ ಅಂಟಿಸಿದೆ.

ಈ ನಡುವೆ ಅಂದಾಜು ಹೇಳಲು ಕಂಟ್ರಾಕ್ಟರುಗಳು ಬರುತ್ತಲೇ ಇದ್ದರು. ಕೊನೆಗೆ ಉಳಿದವರು ಇಬ್ಬರು. ಮರದ ಕಡೆಯವನು ಟ್ರಾವಿಸ್, ಸಿಮೆಂಟಿನ ಕಡೆಯವನು ಹೆಕ್ಟರ್. ಯಜಮಾನರು ಇಬ್ಬರನ್ನೂ ಬೇರೆ ಬೇರೆ ದಿನ ಕೂರಿಸಿ ಉಪ್ಪಿಟ್ಟು ತಿನ್ನಿಸಿದರು, ಕಾಫಿ ಕುಡಿಸಿದರು. ಇಬ್ಬರ ಮಾತಿಗೂ ತಲೆ ಆಡಿಸಿದರು. ಅಡ್ಡವೂ ಅಲ್ಲ, ಉದ್ದವೂ ಅಲ್ಲ. ನಮ್ಮ ತಲೆಯಾಟ, ನಿಮಗೆ ಗೊತ್ತಲ್ಲ?

"ಒಬ್ಬರಿಗೆ ಹೂಂ ಅನ್ನಿ, ಇನ್ನೊಬ್ಬರಿಗೆ ಬೇಡ ಅನ್ನಿ," ಎಂದೆ.

"ಮನೇಗೆ ಬಂದು ಉಪ್ಪಿಟ್ಟು ತಿಂದವನಿಗೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕಾಗತ್ತೇನೇ?"

"ಮತ್ತೇನಂದ್ರಿ?"

"ನೋಡೋಣ ಅಂದೆ. ಅವರಿಗೇ ಅರ್ಥ ಆಗತ್ತೆ."

ಚಾಮರಾಜಪುರದವನಿಗೆ ಅರ್ಥವಾಗುತ್ತಿತ್ತು. ಟೆಕ್ಸಸ್‌ನವನಿಗೆ ಹೇಗಾದೀತು? ಇಬ್ಬರೂ ಮಾತಿನ ಮೇಲೆ ವ್ಯವಹಾರ ಮಾಡುವ ಸಣ್ಣ ಕಂಟ್ರಾಕ್ಟರುಗಳು. ಮಂಗಳವಾರ ಬೆಳಿಗ್ಗೆ ಶುರು ಮಾಡಲೇ ಎಂದು ಇಬ್ಬರೂ ಮೆಸೇಜು ಕಳಿಸಿದರು. ಯಜಮಾನರು ಇಬ್ಬರಿಗೂ ಹೆಬ್ಬೆರಳಿನ ಚಿತ್ರ ಕಳಿಸಿದರು.

"ಮೆಸೇಜ್ ನೋಡಿದೆ ಅಂತ ತಿಳಿಸಿದ್ದು ಕಣೇ, ಅಷ್ಟೇ!"

ಹೀಗೆ ಬಂದವು ಎರಡು ಟ್ರಕ್.

ಮತ್ತೆ ಡ್ರೈವ್‌ವೇಗೆ ಬರೋಣ. ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿತ್ತು. ಮಧ್ಯಾಹ್ನ ಮಳೆ, ಆಲಿಕಲ್ಲು ಎಂದು ಫೋನು ಬೇರೆ ಕೂಗುತ್ತಿತ್ತು. ಒಳಗೆ ಓಡಿದ್ದ ಯಜಮಾನರು ಹೊರಗೆ ಬಂದರು. ಕೈಯಲ್ಲಿ ಫೋನು, ಫೋನಿನಲ್ಲಿ ಮಕ್ಕಳಿಬ್ಬರೂ. ಎಲ್ಲರೂ ಸೇರಿ ತೀರ್ಮಾನಿಸಬೇಕಂತೆ! ಅಲ್ಲೇ, ಎರಡು ಟ್ರಕ್‌ಗಳ ನಡುವೆ, ಸ್ಪೀಕರಿನಲ್ಲಿ ಹ್ಯೂಸ್ಟನ್ನಿಗೂ ಆಸ್ಟಿನ್ನಿಗೂ ಜಗಳ ಶುರುವಾಯಿತು. ಟ್ರಾವಿಸ್ ತನ್ನ ಬೂಟು ನೋಡಿಕೊಂಡ. ಹೆಕ್ಟರ್ ಮೋಡ ನೋಡಿದ.

"ಅಮ್ಮ, ಥಿಂಕ್ ಲಾಂಗ್ ಟರ್ಮ್," ಎಂದ ಅನೂಪ್. "ಬೈಯರ್ಸ್ ಲೈಕ್ ಫೈಬರ್ ಸಿಮೆಂಟ್. ನೆಕ್ಸ್ಟ್ ಇಯರ್ ಮನೆ ಸೆಲ್ ಮಾಡೋವಾಗ..."

ನಾನು ಫೋನಿನ ಹತ್ತಿರ ಹೋದೆ.

"ಯಾರ ಮನೆ?" ಎಂದೆ.

"ಅನೂಪ್! ಥ್ಯಾಂಕ್ಸ್‌ಗಿವಿಂಗ್‌ಗೆ ಹೇಳೋಣ ಅಂತ ಅಲ್ವಾ ಇದ್ದಿದ್ದು?" ಇದು ಸ್ಮಿತಾ. ಇಂಥ ಹೊತ್ತಿಗೆ ಮಾತ್ರ ಅವಳಿಗೆ ಪೂರ್ತಿ ಕನ್ನಡ ಬರುತ್ತದೆ.

ನಿಧಾನವಾಗಿ ಹೊರಬಿತ್ತು. ಇಷ್ಟು ದೊಡ್ಡ ಮನೆ ನಮಗಿಬ್ಬರಿಗೇ ಯಾಕೆ? ಮಾರಿಬಿಟ್ಟು ಆರು ತಿಂಗಳು ಹ್ಯೂಸ್ಟನ್, ಆರು ತಿಂಗಳು ಆಸ್ಟಿನ್. ಎಲ್ಲ ಯೋಚಿಸಿಯಾಗಿದೆ. ನಮ್ಮ ಕೋಣೆಗೆ ಪರದೆ ಸಹ ಆರಿಸಿದ್ದಾಳಂತೆ ಮಗಳು. ಪ್ರೀತಿಯಿಂದಲೇ, ಅನುಮಾನವಿಲ್ಲ. ನಾನು ಮೂವತ್ತು ಚಿಲ್ಲರೆ ವರ್ಷ ಬೆಳಿಗ್ಗೆ ಸುತ್ತು ಹಾಕಿದ ಮನೆಯ ಬಗ್ಗೆ ನನ್ನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೇಳಿದ್ದಾರೆ.

"ಅಪ್ಪ ಸೆಡ್ ಓಕೆ, ಅಮ್ಮ," ಎಂದ ಅನೂಪ್, ಮೆಲ್ಲಗೆ.

ನಾನು ಯಜಮಾನರನ್ನು ನೋಡಿದೆ. "ಏನಂದ್ರಿ ಅವರಿಗೆ?"

"ನೋಡೋಣ ಅಂದೆ," ಎಂದರು.

ಅಂದರೆ ಅಂದು ನಮ್ಮ ಮನೆಯ ಮುಂದೆ ನಿಂತದ್ದು ಎರಡು ಟ್ರಕ್ ಅಲ್ಲ, ಮೂರು. ಮೂರನೆಯದು ಸಾಮಾನು ಸಾಗಿಸಲು ಬರುವ ಟ್ರಕ್. ಅದಕ್ಕೂ ಇವರು ಹೆಬ್ಬೆರಳು ತೋರಿಸಿಯಾಗಿತ್ತು.

"ನಿಮಗೆ ಹೋಗೋ ಮನಸ್ಸಿದೆಯಾ?" ಎಂದು ಕೇಳಿದೆ.

"ನಂಗಾ? ಇಲ್ಲಪ್ಪ! ಮಕ್ಕಳು ಅಷ್ಟು ಆಸೆಯಿಂದ ಕೇಳಿದ್ರು, ಹೇಗೆ ಬೇಡ ಅನ್ನೋದು?"

ಈ ಮನುಷ್ಯ 'ಬೇಡ' ಎನ್ನುವ ಎರಡಕ್ಷರ ಉಳಿಸಲು ಮನೆಯನ್ನೇ ಕೊಟ್ಟುಬಿಡುತ್ತಿದ್ದರು! ದಾಕ್ಷಿಣ್ಯ ಎನ್ನುತ್ತೇವೆ ನಾವು ಇದಕ್ಕೆ. ಒಳ್ಳೆಯ ಗುಣ ಎಂದು ಮಕ್ಕಳಿಗೂ ಕಲಿಸುತ್ತೇವೆ. ವಾರ್ಡಿನಲ್ಲಿ ಯಾವ ಡಾಕ್ಟರಾದರೂ ರೋಗಿಗೆ "ನೋಡೋಣ" ಎಂದು ತಲೆಯಾಡಿಸಿ ಹೋಗಿದ್ದರೆ ನಾನು ಬೆನ್ನು ಹಿಡಿದು ಹೋಗಿ ಕೇಳುತ್ತಿದ್ದೆ: ಕೊಡಬೇಕೋ, ಬೇಡವೋ? ಬಾಯಿಬಿಟ್ಟು ಹೇಳಿ.

ಫೋನು ಇಸಿದುಕೊಂಡು "ಆಮೇಲೆ ಮಾತಾಡ್ತೀನಿ" ಎಂದು ಆರಿಸಿದೆ.

ಟ್ರಾವಿಸ್‌ಗೆ ಹೇಳಿದೆ: "ಸಾರಿ. ನೋ."

"ಬಟ್ ಸರ್ ನಾಡೆಡ್, ಮ್ಯಾಮ್," ಎಂದ. "ಟ್ವೈಸ್."

"ಅವರು ಎಲ್ಲರಿಗೂ ತಲೆ ಆಡಿಸುತ್ತಾರೆ. ಅದನ್ನು ಒಪ್ಪಿಗೆ ಎಂದುಕೊಳ್ಳಬೇಡ," ಎಂದೆ.

ಹಳೆಯ ಹಲಗೆ ಬೇರೆ, ಈಗಿನದು ಬೇರೆ ಎಂದ ಅವನು. ಸುಳ್ಳಲ್ಲ. ಸ್ಮಿತಾಳ ಗೋಡೆ ಚೆನ್ನಾಗಿಯೇ ಇದೆ. ಆದರೆ ನಮ್ಮ ಕೆಳಸಾಲು ಮಣ್ಣಿಗೆ ತೀರ ಹತ್ತಿರ. ಮಳೆ ಬಂದರೆ ಅಲ್ಲೇ ನೀರು ನಿಲ್ಲುವುದನ್ನು ದಿನಾ ಸುತ್ತು ಹಾಕುವ ನಾನು ಕಂಡಿದ್ದೇನೆ. ಅಲ್ಲಿಗೆ ಕೊಳೆಯದ್ದೇ ಬೇಕು. ಜೊತೆಗೆ ಏರ್‌ಪೋರ್ಟ್ ನಮ್ಮ ಮನೆಯ ಪಕ್ಕದಲ್ಲೇ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಮಾತು ನಿಲ್ಲಿಸಬೇಕು. ಭಾರದ ಹಲಗೆಯಾದರೆ ಸದ್ದು ಒಂದಿಷ್ಟಾದರೂ ತಗ್ಗೀತು. ಆಲಿಕಲ್ಲಿಗೆ ಮುರಿದರೆ? ಮುರಿದ ಹಲಗೆ ಕಣ್ಣಿಗೆ ಕಾಣುತ್ತದೆ, ಬದಲಿಸಬಹುದು. ಕೊಳೆತದ್ದು ಕಾಣುವುದೇ ಇಲ್ಲ.

ಇಷ್ಟನ್ನು ಹೇಳಲು ಒಂದು ತಿಂಗಳು ಬೇಕಿತ್ತೇ?

ಮತ್ತೆ, ಆಶ್ಚರ್ಯ ನೋಡಿ. ಟ್ರಾವಿಸ್ ಸಿಟ್ಟಾಗಲಿಲ್ಲ. ಟೋಪಿ ಸರಿಮಾಡಿಕೊಂಡು, "ಥ್ಯಾಂಕ್ಸ್ ಫಾರ್ ದ ಸ್ಟ್ರೈಟ್ ಆನ್ಸರ್, ಮ್ಯಾಮ್," ಎಂದು ಕೈಕುಲುಕಿ ಟ್ರಕ್ ಹತ್ತಿದ. ಬೇಡ ಎಂದರೆ ಯಾರೂ ಸಾಯುವುದಿಲ್ಲ. ಯಜಮಾನರು ಇದನ್ನು ಬಾಯಿಬಿಟ್ಟುಕೊಂಡು ನೋಡಿದರು. ಹೆಕ್ಟರ್‌ನ ಜನ ಮಳೆಗೆ ಮುಂಚೆ ಪಶ್ಚಿಮದ ಗೋಡೆ ಮುಚ್ಚಿದರು.

ಸಂಜೆ ಮಕ್ಕಳಿಗೆ ಫೋನ್ ಮಾಡಿದೆ. ಪರದೆ ಚೆನ್ನಾಗಿರಬಹುದು, ಹಬ್ಬಕ್ಕೆ ಬಂದಾಗ ನೋಡುತ್ತೇನೆ; ಮನೆ ಮಾರುವುದಿಲ್ಲ ಎಂದೆ. ಸ್ಮಿತಾ ಅತ್ತಳು. ಅನೂಪ್ ಮಾತ್ರ ತನ್ನ ಫೈಬರ್ ಸಿಮೆಂಟ್ ಗೆದ್ದಿತೆಂಬ ಖುಷಿಯಲ್ಲಿದ್ದ.

"ಓಕೆ ಅಮ್ಮ, ನಾಟ್ ನೌ. ಬಟ್ ಕಲರ್ ಲೈಟ್ ಗ್ರೇ ಇರಲಿ. ನ್ಯೂಟ್ರಲ್. ಜಸ್ಟ್ ಇನ್ ಕೇಸ್."

ನಾನು ಹೂಂ ಎನ್ನಲಿಲ್ಲ. ಮಾರನೆಯ ದಿನ ಪೇಂಟ್ ಅಂಗಡಿಗೆ ಡ್ರೈವ್ ಮಾಡಿಕೊಂಡು ಹೋಗಿ ಬಣ್ಣದ ಚೀಟಿಯೊಂದನ್ನು ಆರಿಸಿದೆ. ಅಂಗಡಿಯ ಹುಡುಗಿ ಅದನ್ನು ನೋಡಿ, "ಮುಂಬಾಗಿಲಿಗಾ ಮ್ಯಾಮ್?" ಎಂದು ಕೇಳಿದಳು.

"ಮನೆಗೆ," ಎಂದೆ.

ನಮ್ಮದು ಹಳೆಯ ಬಡಾವಣೆ. ಹೊಸ ಬಡಾವಣೆಗಳ ಹಾಗೆ ಬಣ್ಣಕ್ಕೆ ನಿವಾಸಿಗಳ ಸಂಘದ ಅಪ್ಪಣೆ ಬೇಕಿಲ್ಲ. ನಾಳೆ ಪೇಂಟರುಗಳು ಬರುತ್ತಾರೆ. ಬೀದಿಯ ಉದ್ದಕ್ಕೂ ಎಲ್ಲ ಮನೆಗಳೂ ಬೂದು, ತಿಳಿಬೂದು, ಮಾಸಲು ಬೂದು. ನಮ್ಮದು ಅಪ್ಪಟ ಚೆಂಡುಹೂವಿನ ಹಳದಿ. ನೀವೇ ಹೇಳಿ, ಮಾರುವ ಮನೆಗೆ ಯಾರಾದರೂ ಆ ಬಣ್ಣ ಹೊಡೆಸುತ್ತಾರೆಯೇ?