ಮೈಸೂರಿಗೆ ಯಾವ ಅಂಗಿ?

“ಊರಿಗೋಗಕ್ಕೆ ಬಟ್ಟೆ ಜೋಡಿಸ್ಕಳೋದಾ? ಎಲಡ್ಕೆ ಬಾಯಿಗಾಕ್ಕಳೋ ಟೇಮ್ ಸಾಕು ಸಾ!” ಎನ್ನುತ್ತಾನೆ ನಮ್ಮ ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಜವಾನ ದ್ಯಾವಯ್ಯ. ಆದರೆ ಭಾನುವಾರ ಮೈಸೂರಿಗೆ ಹೋಗಬೇಕೆಂದರೆ ಅವನ ಟ್ರಂಕಿನ ಮುಚ್ಚಳ ಬುಧವಾರದಿಂದಲೇ ಬಡಿದುಕೊಳ್ಳುತ್ತದೆ. ಆ ಸದ್ದಿಗೆ ಪಕ್ಕದ ತಾಲ್ಲೂಕು ಅರಕಲಗೂಡಿನ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿವೆಯೆಂದು ಸುದ್ದಿ. ನೀಲಿ ಅಂಗಿ ಒಳಗೆ ಹೋಗುತ್ತದೆ, “ಥೂ, ಇಂಜಿನ್ ಮಸಿ ಕುಂತ್ರೆ ಕರ್ರಗಾಯ್ತದೆ” ಎಂದು ಹೊರಗೆ ಬರುತ್ತದೆ. ಖಾಕಿ ತೊಟ್ಟರೆ ರೈಲಿನ ಜನವೆಲ್ಲ ಇವನಿಗೇ ಟಿಕೆಟ್ ತೋರಿಸುತ್ತಾರಂತೆ. ಹೀಗೆ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಒಂದು ದಿನವೂ ಮೈಮೇಲೆ ಹಾಕದೆ ಎರಡು ಅಂಗಿ ಸವೆದು ಹರಿದವು. “ಪಟ್ಟಣಕ್ಕೆ ಎಲ್ಲರ ಹಾಗೆ ಬಿಳಿ ಹಾಕ್ಕೊಂಡು ಹೋಗಯ್ಯಾ” ಎಂದರೆ ಮಾತ್ರ ಮುಖ ಚಿಕ್ಕದು ಮಾಡಿಕೊಳ್ಳುತ್ತಾನೆ. ಅವನ ಹೆಂಡತಿ ಬೆಟ್ಟಮ್ಮ ವರ್ಷದಿಂದ ಅಲ್ಲಿ ಕ್ಷಯದ ಆಸ್ಪತ್ರೆಯಲ್ಲಿದ್ದಾಳೆ. ನೋಡಲು ಹೋದವರು ಬೇಲಿಯಾಚೆಯೇ ನಿಲ್ಲಬೇಕು. ಹೋದ ಸಲ ಅವನೂ ಬಿಳಿ ಅಂಗಿಯನ್ನೇ ತೊಟ್ಟಿದ್ದ. ಬೇಲಿಗೆ ಬಂದಿದ್ದ ನಲವತ್ತು ಗಂಡಸರದೂ ಬಿಳಿಯೇ. ಬೆಟ್ಟಮ್ಮ ದೂರದ ಆಸ್ಪತ್ರೆ ಜಗುಲಿಯಿಂದ, ಇವನೇ ಅಂದುಕೊಂಡು ಬೇರೆ ಯಾರಿಗೋ ಕೈಬೀಸುತ್ತ, ನಗುತ್ತ ನಿಂತಿದ್ದಳಂತೆ. ಈ ಶನಿವಾರ ಅವನು ಕೊನೆಗೂ ಒಂದು ಗಿಳಿಹಸಿರು ಅಂಗಿ ಹೊಲಿಸಿ ತೊಟ್ಟು ನನ್ನೆದುರು ನಿಂತ. “ಏನಯ್ಯಾ ಇದು! ಮೈಲಿ ದೂರದಿಂದಲೇ ಎಮ್ಮೆಗಳು ಹುಲ್ಲು ಅಂತ ಓಡಿ ಬರ್ತವೆ” ಎಂದೆ. “ಬರ್ಲಿ ಬುಡಿ ಸಾ” ಎಂದ, ಗುಂಡಿ ಹಾಕಿಕೊಳ್ಳುತ್ತ. “ಅಷ್ಟು ದೂರದಿಂದ ಎಮ್ಮೆಗೇ ಕಂಡ್ರೆ, ಜಗುಲಿ ಮ್ಯಾಲಿಂದ ನಮ್ಮೋಳ್ಗೆ ಕಾಣಾಕಿಲ್ವಾ?”